ಗೋಧಿ ಹೊಲದ ಕೆಳಗಿದ್ದ ಮಣ್ಣು

ನಗರದಲ್ಲಿ ದೊಡ್ಡ ಕಟ್ಟಡವೊಂದು ಏಳುವ ಮುನ್ನ ಆ ಜಾಗ ಎಷ್ಟೋ ಸಲ ವರ್ಷಗಟ್ಟಲೆ ತಗಡಿನ ಬೇಲಿಯೊಳಗೆ ಬಿದ್ದಿರುತ್ತದೆ. ದಾರಿಹೋಕರ ಪಾಲಿಗೆ ಧೂಳು ಮತ್ತು ಕೆಸರು. ಇಂಥ ಕಡೆ ಕೆಲಕಾಲ ಗಿಡ, ಹೂ, ಹುಲ್ಲುಗಳ ಕಲಾಕೃತಿ ನಿಲ್ಲಿಸಿ ಬೀದಿಗೆ ಜೀವ ತುಂಬುವ ರೂಢಿ ಈಗ ಹಲವು ದೇಶಗಳಲ್ಲಿದೆ. ಅವುಗಳಲ್ಲಿ ಹೆಚ್ಚಿನವು ಬರೀ ಅಲಂಕಾರ. ಆದರೆ 1982ರ ಬೇಸಿಗೆಯಲ್ಲಿ ನ್ಯೂಯಾರ್ಕಿನಲ್ಲಿ ಬೆಳೆದು ನಿಂತ ಗೋಧಿ ಹೊಲವನ್ನು ಹಾಗೆಂದು ದಾಟಿ ಹೋಗುವಂತಿಲ್ಲ.

ಮ್ಯಾನ್‌ಹಟನ್ ದ್ವೀಪದ ದಕ್ಷಿಣ ತುದಿ. ವಾಲ್ ಸ್ಟ್ರೀಟ್ ಅಲ್ಲಿಂದ ಕೂಗಳತೆ ದೂರ. ಹಡ್ಸನ್ ನದಿಯ ಅಂಚನ್ನು ಮುಚ್ಚಿ ಮಾಡಿದ ಹೊಸ ನೆಲ ಬ್ಯಾಟರಿ ಪಾರ್ಕ್ ಸಿಟಿ ಎಂಬ ಬಡಾವಣೆಗಾಗಿ ಕಾದು ಬಿದ್ದಿತ್ತು. 1931ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಕಲಾವಿದೆ ಆಗ್ನೆಸ್ ಡೆನೆಸ್ ಅವರಿಗೆ ಪಬ್ಲಿಕ್ ಆರ್ಟ್ ಫಂಡ್ ಸಂಸ್ಥೆ ಸಾರ್ವಜನಿಕ ಕಲಾಕೃತಿಯೊಂದರ ಹೊಣೆ ಒಪ್ಪಿಸಿತ್ತು. ನಗರಕ್ಕೆ ಇನ್ನೊಂದು ಶಿಲ್ಪ ಬೇಡವೆಂದು ಆಕೆ ಗೋಧಿ ಬಿತ್ತಲು ಹೊರಟರು.

ಕಲ್ಲು, ಇಟ್ಟಿಗೆ ಚೂರು, ತುಕ್ಕು ಹಿಡಿದ ಕಬ್ಬಿಣ ತುಂಬಿದ್ದ ನೆಲ ಅದು. ಇನ್ನೂರು ಲಾರಿ ಮಣ್ಣು ಬಂತು. ಎರಡು ಎಕರೆಯಲ್ಲಿ 285 ಸಾಲುಗಳನ್ನು ಕೈಯಿಂದಲೇ ತೋಡಿ, ಕಲ್ಲು ಆಯ್ದು, ಬೀಜ ಬಿತ್ತಿದರು. ಮೇ ತಿಂಗಳಲ್ಲಿ ಬಿತ್ತನೆ. ನೀರು ಹಾಯಿಸುವುದು, ಕಳೆ ಕೀಳುವುದು, ಬೂಷ್ಟು ರೋಗಕ್ಕೆ ಔಷಧಿ ಹೊಡೆಯುವುದು ಎಲ್ಲ ನಡೆದು ಆಗಸ್ಟ್ 16ರಂದು ಕೊಯ್ಲು. ಸಿಕ್ಕಿದ್ದು ಸಾವಿರ ಪೌಂಡಿಗಿಂತ ತುಸು ಹೆಚ್ಚು, ಅಂದರೆ ನಾಲ್ಕೂವರೆ ಕ್ವಿಂಟಾಲ್ ಆಸುಪಾಸು. ಮಣ್ಣು ಹೊತ್ತ ಲಾರಿ ಬಾಡಿಗೆಯೂ ಹುಟ್ಟದು ಎಂದು ನಮ್ಮ ರೈತರು ನಕ್ಕಾರು! ಆದರೆ ಡೆನೆಸ್ ಬೇರೆಯೇ ಲೆಕ್ಕ ಇಟ್ಟಿದ್ದರು. ಆ ನೆಲದ ಬೆಲೆ 450 ಕೋಟಿ ಡಾಲರ್ ಎಂದು ಅವರೇ ಬರೆದಿದ್ದಾರೆ. ಅಷ್ಟು ಬೆಲೆಯ ಜಾಗದಲ್ಲಿ ರೊಟ್ಟಿಯ ಧಾನ್ಯ ನಿಲ್ಲಿಸಿ, ಪಕ್ಕದ ಹಣದ ಮಾರುಕಟ್ಟೆಗೆ ಜಗತ್ತಿನ ಹಸಿವನ್ನು ನೆನಪಿಸುವುದು ಅವರ ಉದ್ದೇಶ. ಕೃತಿಯ ಹೆಸರಲ್ಲೇ 'ಮುಖಾಮುಖಿ' ಎಂಬ ಮಾತಿತ್ತು.

ನನ್ನನ್ನು ಕಾಡುವುದು ಪೈರಿನ ಬುಡದ ನೆಲ. ನದಿಗೆ ಸುರಿದ ಮಣ್ಣಿನಲ್ಲಿ ಒಂದು ಪಾಲು ವರ್ಲ್ಡ್ ಟ್ರೇಡ್ ಸೆಂಟರ್ ಗೋಪುರಗಳ ಬುನಾದಿಗಾಗಿ ಅಗೆದು ತೆಗೆದದ್ದು. ಆ ಗೋಪುರಗಳು 2001ರಲ್ಲಿ ಉರುಳಿದ್ದು ಎಲ್ಲರಿಗೂ ಗೊತ್ತು. ಅವು ಏಳುವ ಮುಂಚೆ ಅಲ್ಲಿ ಯಾರಿದ್ದರು ಎಂಬುದು ಅಷ್ಟಾಗಿ ಗೊತ್ತಿಲ್ಲ. ಕೋರ್ಟ್‌ಲ್ಯಾಂಡ್ ಸ್ಟ್ರೀಟಿನ ಸುತ್ತ 1920ರ ದಶಕದಿಂದ ಬೆಳೆದಿದ್ದ 'ರೇಡಿಯೋ ರೋ' ಎಂಬ ಪೇಟೆ ಅದು. ವಾಲ್ವ್, ವೈರು, ಹಳೆಯ ರೇಡಿಯೋ ಮಾರುವ ಸಣ್ಣ ಅಂಗಡಿಗಳ ಸಾಲು. ಬೆಂಗಳೂರಿನ ಎಸ್.ಪಿ. ರೋಡನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ. ಆಸ್ಕರ್ ನಡೆಲ್ ಎಂಬ ವ್ಯಾಪಾರಿಯ ಮುಂದಾಳತ್ವದಲ್ಲಿ ಅಂಗಡಿಯವರು ಬೀದಿಗಿಳಿದರು, ಕೋರ್ಟಿಗೂ ಹೋದರು. 1963ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯ ಯೋಜನೆಯ ಪರ ತೀರ್ಪಿತ್ತಿತು; 1966ರಲ್ಲಿ ಪೇಟೆಯನ್ನು ಕೆಡವಲಾಯಿತು. ದೂರದ ಹಸಿದವರ ಪರ ನುಡಿದ ಗೋಧಿಗೆ, ಇಷ್ಟು ಹತ್ತಿರದವರ ನಷ್ಟದ ಮೇಲೆ ತಾನು ನಿಂತಿದ್ದೇನೆಂಬ ಅರಿವಿತ್ತೇ?

ಕೊಯ್ಲಿನ ನಂತರ ಹೊಲದ ಜಾಗದಲ್ಲಿ ಕಟ್ಟಡಗಳು ಎದ್ದವು. ಹುಲ್ಲು ನಗರದ ಪೊಲೀಸ್ ಕುದುರೆಗಳಿಗೆ ಮೇವಾಯಿತು. ಕಾಳು ಪ್ರದರ್ಶನವೊಂದರ ಜೊತೆ ಜಗತ್ತಿನ 28 ನಗರಗಳನ್ನು ಸುತ್ತಿತು.

2015ರಲ್ಲಿ ಇಟಲಿಯ ಮಿಲಾನಿನಲ್ಲಿ ಡೆನೆಸ್ ಅವರ ಹೊಲ ಮತ್ತೆ ಚಿಗುರಿತು. ಪೋರ್ತಾ ನುವೋವಾದ ಹೊಸ ಗೋಪುರಗಳ ನಡುವೆ ಈ ಬಾರಿ ಐದು ಹೆಕ್ಟೇರ್. ಕರೆಸಿದವರಲ್ಲಿ ಆ ಬಡಾವಣೆಯನ್ನು ಕಟ್ಟಿಸಿದವರ ಕುಟುಂಬದ ಹೆಸರಿನ ಪ್ರತಿಷ್ಠಾನವೂ ಇತ್ತು. ಎದುರು ನಿಲ್ಲಲು ಹುಟ್ಟಿದ ಬೆಳೆ ಅತಿಥಿಯಾಗಿ ಬಂದಿತ್ತು. 2018ರಲ್ಲಿ ಅಲ್ಲಿ ಉದ್ಯಾನ ತೆರೆಯಿತು; ಸುಂದರವಾಗಿದೆ, ಜನ ಮಕ್ಕಳೊಂದಿಗೆ ಬರುತ್ತಾರೆ. ಅದೇ ಯೋಜನೆಗಾಗಿ 2007ರಲ್ಲಿ ಪಕ್ಕದ ಇಸೋಲಾ ಮೊಹಲ್ಲಾದಲ್ಲಿ ಕೆಡವಿದ ಉದ್ದನೆಯ ಹಳೆಯ ಕಟ್ಟಡದಲ್ಲಿ ಕುಶಲಕರ್ಮಿಗಳ ಕಾರ್ಯಾಗಾರಗಳಿದ್ದವು.