ಜಾಲಪುಟದ ಪರೀಕ್ಷೆಯಲ್ಲಿ ಪ್ರತಿಜ್ಞಾವಾಕ್ಯ: ಒಂದು ಚಾರಿತ್ರಿಕ ಸಮೀಕ್ಷೆ

ತರ್ಕಶಾಸ್ತ್ರದಲ್ಲಿ ಸಾಧಿಸಬೇಕಾದುದನ್ನು ಮೊದಲು ನುಡಿಯುವ ವಾಕ್ಯಕ್ಕೆ ಪ್ರತಿಜ್ಞೆಯೆಂದು ಹೆಸರು. ಕಂಪ್ಯೂಟರ್ ಶಾಸ್ತ್ರದಲ್ಲಿ ‘ಅಸರ್ಷನ್’ ಎನಿಸಿಕೊಳ್ಳುವ ಹೇಳಿಕೆಗೂ ಈ ಹೆಸರು ಸಲ್ಲುವುದೆಂದು ನಾವು ಭಾವಿಸುತ್ತೇವೆ. ಪ್ರೋಗ್ರಾಮು ಇಂಥ ಘಟ್ಟದಲ್ಲಿ ಇಂಥ ಸ್ಥಿತಿಯಲ್ಲಿರತಕ್ಕದ್ದು ಎಂದು ಅದು ಮೊದಲೇ ಸಾರುತ್ತದೆ. ಸ್ಥಿತಿ ಬೇರೆಯಾಗಿದ್ದರೆ ದೋಷವು ಅಲ್ಲಿಯೇ ಬಯಲಾಗುತ್ತದೆ. ಈ ವಾಕ್ಯವು ಗಣಿತಜ್ಞರ ಕೈಯಿಂದ ಜಾಲಪುಟಗಳನ್ನು ರಚಿಸುವವರ ಕೈಗೆ ಬಂದ ಬಗೆಯನ್ನೂ, ಆ ದಾರಿಯಲ್ಲಿ ಅದು ಪಡೆದುದನ್ನೂ ಕಳೆದುಕೊಂಡುದನ್ನೂ ಇಲ್ಲಿ ವಿಚಾರಿಸಲಾಗಿದೆ.

1949ರ ಜೂನ್ ತಿಂಗಳಲ್ಲಿ ಕೇಂಬ್ರಿಜ್‌ನಲ್ಲಿ ನಡೆದ ಸಮ್ಮೇಳನವೊಂದರಲ್ಲಿ ಅಲನ್ ಟ್ಯೂರಿಂಗರು, ದೊಡ್ಡ ಪ್ರೋಗ್ರಾಮೊಂದು ಸರಿಯಾಗಿದೆಯೆಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆಯನ್ನೆತ್ತಿದರು. ಅವರು ಕೊಟ್ಟ ನಿದರ್ಶನ ಸರಳವಾದುದು. ಹಲವು ಸಂಖ್ಯೆಗಳನ್ನು ಕೂಡಿ ಕೊನೆಯ ಮೊತ್ತವನ್ನು ಮಾತ್ರ ಬರೆದಿಟ್ಟರೆ, ಪರೀಕ್ಷಕನು ಇಡೀ ಲೆಕ್ಕವನ್ನು ಒಂದೇ ಬಾರಿಗೆ ಮಾಡಿ ನೋಡಬೇಕಾಗುತ್ತದೆ. ಬಿಡಿ, ಹತ್ತು, ನೂರರ ಸ್ಥಾನಗಳ ಮೊತ್ತಗಳನ್ನು ಬೇರೆ ಬೇರೆಯಾಗಿ ಬರೆದಿಟ್ಟರೆ, ಒಂದೊಂದನ್ನೂ ಪ್ರತ್ಯೇಕವಾಗಿ ತಾಳೆ ನೋಡಬಹುದು. ಪ್ರೋಗ್ರಾಮು ಬರೆಯುವವನೂ ಹೀಗೆಯೇ ಅಲ್ಲಲ್ಲಿ ಪ್ರತಿಜ್ಞೆಗಳನ್ನು ಇಡತಕ್ಕದ್ದೆಂಬುದು ಅವರ ಸೂಚನೆ. ಪರಿಶೀಲಿಸುವ ಮನುಷ್ಯನ ಶ್ರಮವನ್ನು ಹಗುರಗೊಳಿಸುವುದೇ ಅದರ ಉದ್ದೇಶವಾಗಿತ್ತೆಂಬುದನ್ನು ಗಮನಿಸಬೇಕು. 1967ರಲ್ಲಿ ರಾಬರ್ಟ್ ಫ್ಲಾಯ್ಡರೂ 1969ರಲ್ಲಿ ಹೋರ್ ಅವರೂ ಇದೇ ಬಗೆಯ ವಿಚಾರಕ್ಕೆ ಶಾಸ್ತ್ರರೂಪವನ್ನು ಕೊಟ್ಟರು. ಅವರ ಪ್ರತಿಜ್ಞೆಯು ನಿಯಮಕ್ಕೊಳಪಟ್ಟ ಎಲ್ಲ ಸಂದರ್ಭಗಳಿಗೂ ಅನ್ವಯಿಸುವ ಸಾಧನೆಯ ಅಂಗ.

ಮುಂದಿನ ಘಟ್ಟದಲ್ಲಿ ಅದರ ಸ್ವರೂಪ ಬದಲಾಯಿತು. ಕೆಂಟ್ ಬೆಕ್ ಅವರು 1994ರಲ್ಲಿ ಸ್ಮಾಲ್‌ಟಾಕ್ ಭಾಷೆಗೆ ಒಂದು ಪರೀಕ್ಷಾ ಚೌಕಟ್ಟನ್ನು ವಿವರಿಸಿದರು. 1997ರಲ್ಲಿ ಅವರೂ ಎರಿಕ್ ಗಾಮಾ ಅವರೂ ಜೂರಿಕ್‌ನಿಂದ ಅಟ್ಲಾಂಟಾಕ್ಕೆ ವಿಮಾನದಲ್ಲಿ ಹೋಗುತ್ತಿದ್ದಾಗ ಜಾವಾ ಭಾಷೆಗಾಗಿ ಜೆಯುನಿಟ್ಟನ್ನು ರಚಿಸತೊಡಗಿದರು. ಇಲ್ಲಿ ಪ್ರತಿಜ್ಞೆಯನ್ನು ತಾಳೆ ನೋಡುವುದು ಯಂತ್ರವೇ. ಆದರೆ ಒಂದೊಂದು ಉದಾಹರಣೆಯಲ್ಲಿ ಮಾತ್ರ. ಸಾರ್ವತ್ರಿಕತೆ ಹೋಯಿತು, ಪ್ರತಿಯೊಂದು ತಿದ್ದುಪಡಿಯ ಬಳಿಕವೂ ಶ್ರಮವಿಲ್ಲದೆ ಮರುಪರೀಕ್ಷಿಸುವ ಸೌಲಭ್ಯ ಬಂದಿತು. ಪರೀಕ್ಷೆಯು ದೋಷದ ಇರವನ್ನು ತೋರಿಸಬಲ್ಲುದೇ ಹೊರತು ಅದರ ಅಭಾವವನ್ನಲ್ಲವೆಂದು ಡೈಕ್‌ಸ್ಟ್ರಾ ಅವರು ಇದಕ್ಕೆ ಬಹು ಮೊದಲೇ ಎಚ್ಚರಿಸಿದ್ದರು.

ಅಷ್ಟರಲ್ಲಿ ಜಾಲಪುಟವು ಬೆಳೆಯುತ್ತಿತ್ತು. 1995ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಬ್ರೆಂಡನ್ ಐಕ್ ಅವರು ಜಾವಾಸ್ಕ್ರಿಪ್ಟನ್ನು ನಿರ್ಮಿಸಿದರು. 1998ರಲ್ಲಿ, ಪುಟವನ್ನು ಎಲಿಮೆಂಟುಗಳ ಒಂದು ವೃಕ್ಷವೆಂದು ನಿರೂಪಿಸುವ ‘ಡಾಮ್’ ಪ್ರಮಾಣವು ಹೊರಬಂದಿತು. ಶೀರ್ಷಿಕೆ, ಗುಂಡಿ, ತುಂಬಬೇಕಾದ ಖಾನೆ ಇವೆಲ್ಲ ಆ ವೃಕ್ಷದ ಕೊಂಬೆಗಳು. 2011ರಲ್ಲಿ ಜಾವಾಸ್ಕ್ರಿಪ್ಟಿನ ಪರೀಕ್ಷೆಗಾಗಿ ಮೋಕಾ ಮತ್ತು ಚಾಯ್ ಎಂಬ ಎರಡು ಸಾಧನಗಳು ಕಾಣಿಸಿಕೊಂಡವು. ಮೊದಲನೆಯದು ಕಾಫಿಯ ಹೆಸರು, ಎರಡನೆಯದು ನಮಗೆ ಚಿರಪರಿಚಿತವಾದ ಚಹಾದ ಹೆಸರು. ಪರೀಕ್ಷೆಗಳನ್ನು ನಡೆಸುವುದು ಮೋಕಾದ ಕೆಲಸ, ಪ್ರತಿಜ್ಞೆಗಳನ್ನು ನುಡಿಯುವುದು ಚಾಯ್‌ನ ಕೆಲಸ.

ಚಾಯ್‌ಗೆ ಸಂಖ್ಯೆ, ಪದ, ಪಟ್ಟಿ ಇವುಗಳ ಪರಿಚಯವುಂಟು. ಪುಟದ ಎಲಿಮೆಂಟುಗಳ ಪರಿಚಯವಿಲ್ಲ. ಗುಂಡಿಯೊಂದಕ್ಕೆ ಇಂಥ ಕ್ಲಾಸ್ ಇದೆಯೇ ಎಂದು ಕೇಳಬೇಕಾದರೆ, ಉತ್ತರವನ್ನು ಹೌದು ಅಥವಾ ಅಲ್ಲ ಎಂಬ ರೂಪಕ್ಕೆ ತಂದು ಅದರ ಮುಂದಿಡಬೇಕು. ಪರೀಕ್ಷೆ ವಿಫಲವಾದಾಗ, ‘ಸತ್ಯವಿರಬೇಕಾದಲ್ಲಿ ಅಸತ್ಯವಿದೆ’ ಎಂಬಷ್ಟೇ ವರದಿ ಬರುತ್ತದೆ. ಯಾವ ಗುಂಡಿ, ಯಾವ ಕ್ಲಾಸ್ ಎಂಬುದು ಅದರಲ್ಲಿಲ್ಲ. ಆದರೆ ಹೊಸ ಶಬ್ದಗಳನ್ನು ಸೇರಿಸಿಕೊಳ್ಳುವ ಅವಕಾಶವನ್ನು ಚಾಯ್ ತೆರೆದಿಟ್ಟಿತ್ತು. ಅಂಥ ಸೇರ್ಪಡೆಯೇ ಪ್ಲಗಿನ್. ಮೊದಲು ಜೆಕ್ವೆರಿಯನ್ನು ಅವಲಂಬಿಸಿದ ‘ಚಾಯ್-ಜೆಕ್ವೆರಿ’ ಬಂದಿತು; ಬಳಿಕ ಅದರಿಂದಲೇ ಕವಲೊಡೆದು, ಜೆಕ್ವೆರಿಯ ಹಂಗಿಲ್ಲದ ‘ಚಾಯ್-ಡಾಮ್’ ಬಂದಿತು. ಇದರಿಂದ ಎಲಿಮೆಂಟಿನ ಕ್ಲಾಸ್, ಪಠ್ಯ, ಮೌಲ್ಯ, ಅದರೊಳಗಣ ಇತರ ಎಲಿಮೆಂಟುಗಳು ಇವುಗಳ ವಿಷಯವಾಗಿ ನೇರವಾಗಿಯೇ ಪ್ರತಿಜ್ಞೆ ಮಾಡಬಹುದಾಯಿತು. ವಿಫಲವಾದಾಗ ವರದಿಯು ಎಲಿಮೆಂಟನ್ನು ಹೆಸರಿಸಿ, ಅದರಲ್ಲಿ ಏನನ್ನು ನಿರೀಕ್ಷಿಸಲಾಗಿತ್ತೆಂಬುದನ್ನು ತಿಳಿಸುತ್ತದೆ. ಟ್ಯೂರಿಂಗರು ಸ್ಥಾನಮೊತ್ತಗಳಿಂದ ಬಯಸಿದ ಉಪಕಾರವೇ, ತಪ್ಪಿನ ಎಡೆಯನ್ನು ಮನುಷ್ಯನಿಗೆ ತೋರಿಸಿಕೊಡುವ ಉಪಕಾರವೇ, ಇಲ್ಲಿ ಮರಳಿ ದೊರೆಯಿತೆಂದು ಹೇಳಬಹುದು.

ಆದರೂ ಈ ಪ್ರತಿಜ್ಞೆಯ ಎಲ್ಲೆಯನ್ನು ಮರೆಯಲಾಗದು. ಚಾಯ್-ಡಾಮ್‌ನಲ್ಲಿ ಎಲಿಮೆಂಟು ಕಾಣುತ್ತಿದೆಯೇ ಎಂದು ವಿಚಾರಿಸುವ ಶಬ್ದಗಳೂ ಉಂಟು. ಅವು ನೋಡುವುದು ಎಲಿಮೆಂಟನ್ನು ಮರೆಮಾಡುವ ಶೈಲಿಯ ನಿಯಮಗಳನ್ನಷ್ಟೆ. ಅರ್ಜಿಯೊಂದರ ಸಲ್ಲಿಕೆಯ ಗುಂಡಿಯ ಮೇಲೆ ಬೇರೊಂದು ಫಲಕ ಕವಿದುಕೊಂಡಿದ್ದರೂ ಪರೀಕ್ಷೆ ಉತ್ತೀರ್ಣವಾದೀತು. ಜೆಎಸ್‌ಡಾಮ್‌ನಂಥ, ಬ್ರೌಸರಿಲ್ಲದೆ ಪುಟವನ್ನು ಅನುಕರಿಸುವ ಸಾಧನದಲ್ಲಂತೂ ಎಲಿಮೆಂಟುಗಳ ಸ್ಥಾನ, ಗಾತ್ರಗಳ ಗಣನೆಯೇ ನಡೆಯುವುದಿಲ್ಲ. ಯಂತ್ರವು ಸರಿಯೆಂದ ಮೇಲೂ, ಕೊನೆಯ ದಿನ ಅರ್ಜಿ ತುಂಬುತ್ತಿರುವ ವಿದ್ಯಾರ್ಥಿಗೆ ಗುಂಡಿ ಎಟುಕದೆ ಹೋಗಬಹುದು.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು: ಪ್ಲಗಿನ್ ಪ್ರತಿಜ್ಞೆಗೆ ಪುಟದ ಪರಿಭಾಷೆಯನ್ನು ಕೊಟ್ಟಿತು, ಪುಟವನ್ನು ಬಳಸುವವನ ಅನುಭವವನ್ನಲ್ಲ. ವೃಕ್ಷದಲ್ಲಿ ಎಲಿಮೆಂಟು ಇದೆಯೆಂಬುದು ಒಂದು ಪ್ರತಿಜ್ಞೆ. ಅದು ಬಳಕೆಗೆ ಒದಗುತ್ತದೆಯೆಂಬುದು ಇನ್ನೊಂದು. ಮೊದಲನೆಯದು ಸಿದ್ಧವಾದ ಮಾತ್ರಕ್ಕೆ ಎರಡನೆಯದೂ ಸಿದ್ಧವಾಯಿತೆಂದು ತಿಳಿಯದೆ, ನಿಜವಾದ ಬ್ರೌಸರಿನಲ್ಲಿ, ಮನುಷ್ಯನ ಕಣ್ಣು ಕೈಗಳಿಂದ, ಅದನ್ನು ಬೇರೆಯಾಗಿಯೇ ಪರೀಕ್ಷಿಸುವುದು ಅಗತ್ಯ.