ಹೂಂಗುಟ್ಟು ಮತ್ತು ಕಾದಂಬರಿಯ ಮಾತು: ಬೆಳಗಾವಿ ಗಡಿಸೀಮೆಯ ಕಥನಕಲೆ

ಬೆಳಗಾವಿ ಜಿಲ್ಲೆಯ ಉತ್ತರ ಭಾಗದ ಕಾದಂಬರಿಕಾರರನ್ನು ಕುರಿತು ಬರೆಯುವ ವಿಮರ್ಶಕರು ಸಾಮಾನ್ಯವಾಗಿ ‘ಪ್ರಾದೇಶಿಕತೆ’ ಎಂಬ ಒಂದೇ ಪದದಲ್ಲಿ ಅವರ ಕಸುಬನ್ನು ಮುಗಿಸಿಬಿಡುತ್ತಾರೆ. ಆಡುಮಾತನ್ನು ಬಳಸಿದುದೇ ಸಾಧನೆಯೆಂಬ ಧ್ವನಿ ಅಲ್ಲಿದೆ. ಆದರೆ ಆಡುಮಾತು ಆ ಸೀಮೆಯಲ್ಲಿ ಹುಟ್ಟಿದ ಎಲ್ಲರಿಗೂ ಬರುತ್ತದೆ. ಅದನ್ನು ಕಥೆಯೊಳಗೆ ಹದವಾಗಿ ನಿಲ್ಲಿಸುವುದನ್ನು ಮಾತ್ರ ಕಲಿಯಬೇಕಾಗುತ್ತದೆ. ಈ ಕಲಿಕೆ ಎಲ್ಲಿ ನಡೆಯಿತು ಎಂಬುದು ಇಲ್ಲಿನ ಪ್ರಶ್ನೆ.

ರಾಯಬಾಗ ತಾಲೂಕಿನ ಪಾಲಬಾವಿಯಂಥ ಹಳ್ಳಿಗಳ ಕಥನ ಸಂಪ್ರದಾಯದಲ್ಲಿ ಕಥೆ ಹೇಳುವವರಷ್ಟೇ ‘ಹೂಂ’ ಎನ್ನುವವರೂ ಮುಖ್ಯರು. ಹೂಂಗುಟ್ಟು ಸಡಿಲವಾಯಿತೆಂದರೆ ಹೇಳುವ ಅಜ್ಜಿ ವರ್ಣನೆಯನ್ನು ಮೊಟಕುಗೊಳಿಸುತ್ತಾಳೆ, ಪಾತ್ರದ ಬಾಯಿಂದ ಮಾತಾಡಿಸುತ್ತಾಳೆ, ಬೇಡವಾದ ಎಳೆಯನ್ನು ಬಿಟ್ಟುಬಿಡುತ್ತಾಳೆ. ತಿದ್ದುಪಡಿ ಹೇಳುವ ಕ್ಷಣದಲ್ಲೇ ನಡೆಯುತ್ತದೆ.

ಈ ಕ್ರಮ ಇನ್ನೂ ಬಲಿತ ರೂಪದಲ್ಲಿ ಕಾಣುವುದು ಶ್ರೀಕೃಷ್ಣ ಪಾರಿಜಾತದಲ್ಲಿ. ಅಪರಾಳ ತಮ್ಮಣ್ಣನ ಕೃತಿಯನ್ನು ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ ರಂಗಕ್ಕೆ ಒಗ್ಗಿಸಿ ಬೆಳೆಸಿದ. ಕೌಜಲಗಿ ನಿಂಗಮ್ಮನಂಥ ಕಲಾವಿದೆಯರು ಅದನ್ನು ನಾಡಿನ ತುಂಬ ಹರಡಿದರು. ಪದಗಳು ಬಹುಮಟ್ಟಿಗೆ ಸ್ಥಿರ, ನಡುವಿನ ಮಾತುಗಳು ಆಶುವಾದವು. ಸತ್ಯಭಾಮೆಯೂ ದೂತಿಯೂ ಒಂದೇ ಸೀಮೆಯ ಕನ್ನಡವನ್ನಾಡಿದರೂ ಇಬ್ಬರದೂ ಒಂದೇ ಕನ್ನಡವಲ್ಲ. ಒಬ್ಬಳ ಮಾತಿನಲ್ಲಿ ಗತ್ತು, ಇನ್ನೊಬ್ಬಳ ಮಾತಿನಲ್ಲಿ ಓಣಿಯ ಚುರುಕು. ಕಾದಂಬರಿಕಾರನಿಗೆ ಇದಕ್ಕಿಂತ ಹೆಚ್ಚಿನ ಸಂಭಾಷಣೆಯ ಪಾಠ ಬೇರೆಲ್ಲಿ ದೊರೆತೀತು?

ಈಗಿನ ಕಾಗವಾಡ ತಾಲೂಕಿನ ಶೇಡಬಾಳದಲ್ಲಿ 1918ರಲ್ಲಿ ಹುಟ್ಟಿ ಶಿಕ್ಷಕರಾಗಿದ್ದ ಮಿರ್ಜಿ ಅಣ್ಣಾರಾಯರು 1940ರ ದಶಕದ ತಮ್ಮ ‘ನಿಸರ್ಗ’ದಲ್ಲಿ ಗಡಿಭಾಗದ ಜೈನ ಒಕ್ಕಲು ಮನೆತನದ ಬದುಕನ್ನು ಚಿತ್ರಿಸಿದರು. ಮರಾಠಿಯ ನೆರೆಯಲ್ಲಿ ಬೆಳೆದ ಈ ಕನ್ನಡದಲ್ಲಿ ಅಣ್ಣನ ಹೆಂಡತಿ ‘ವೈನಿ’, ಹೊಲದ ದಾಖಲೆ ‘ಉತಾರ’, ಬೇಗ ಬಾ ಎನ್ನಲು ‘ಲಗೂ ಬಾ’. ‘ಎಲ್ಲಿಗೆ ಹೊಂಟಿ’ ಎಂಬುದಕ್ಕೂ ‘ಎಲ್ಲಿಗೆ ಹೊಂಟೀರಿ’ ಎಂಬುದಕ್ಕೂ ನಡುವೆ ಒಂದು ಮನೆತನದ ಒಳಗಿನ ಏಣಿಯೇ ಅಡಗಿದೆ. ಎಲ್ಲ ಪಾತ್ರಗಳಿಗೂ ಒಂದೇ ಬಗೆಯ ‘ಹಳ್ಳಿಮಾತು’ ಹಚ್ಚಿದ ಬರಹಗಾರ ಈ ಏಣಿಯನ್ನು ಕಾಣಲಾರ. ಅಂಥ ಕಾದಂಬರಿಗಳೂ ಕನ್ನಡದಲ್ಲಿ ಬೇಕಾದಷ್ಟಿವೆ.

ಅಚ್ಚಿನ ಬರಹಗಾರನಿಗೆ ಹೂಂಗುಟ್ಟುವವರು ಯಾರು? ಗೋಕಾಕ ತಾಲೂಕಿನ ಬೆಟಗೇರಿಯ ಕೃಷ್ಣಶರ್ಮರು (1900–1982) ಈ ಪ್ರಶ್ನೆಯ ಎರಡೂ ತುದಿಗಳನ್ನು ಬಲ್ಲವರಾಗಿದ್ದರು. ಜನಪದ ಗೀತೆಗಳ ಸಂಗ್ರಾಹಕರಾಗಿ ಅವರು ಕೇಳುಗರು; ಧಾರವಾಡದ ಗೆಳೆಯರ ಗುಂಪಿನಲ್ಲಿ ಕೇಳುಗರೂ ಹೇಳುವವರೂ ಹೌದು; 1938ರಲ್ಲಿ ಆರಂಭವಾದ ‘ಜಯಂತಿ’ಯ ಸಂಪಾದಕರಾಗಿ ಇತರರ ಬರಹವನ್ನು ಒಪ್ಪುವ, ಹಿಂದಿರುಗಿಸುವ ಹೊಣೆ ಹೊತ್ತವರು. ಅವರ ‘ಸುದರ್ಶನ’ ಕಾದಂಬರಿಯಿಂದಲೇ 1933ರಲ್ಲಿ ಮನೋಹರ ಗ್ರಂಥಮಾಲೆ ಆರಂಭವಾಯಿತು.

ಅದೇ ತಾಲೂಕಿನ ಮಲಾಮರಡಿಯ ಬಸವರಾಜ ಕಟ್ಟೀಮನಿಯವರದು (1919–1989) ಬೇರೆ ದಾರಿ. ಪತ್ರಿಕಾವೃತ್ತಿ ಅವರ ವಾಕ್ಯಕ್ಕೆ ವೇಗ ಕೊಟ್ಟಿತು. 1942ರ ಚಳವಳಿಯನ್ನು ವಸ್ತುವಾಗಿಸಿಕೊಂಡ ‘ಮಾಡಿ ಮಡಿದವರು’ ಕೃತಿಯ ಆವೇಗ ಆ ವೇಗದ ಫಲ. ಆದರೆ ಅವರ ಕೆಲವು ಕಾದಂಬರಿಗಳಲ್ಲಿ ಪಾತ್ರಗಳು ಎದುರಿನವರ ‘ಹೂಂ’ಗೆ ಕಾಯದೆ ಭಾಷಣಕ್ಕೆ ತೊಡಗುತ್ತವೆ, ಪಾರಿಜಾತದ ದೂತಿಯಾಗಿದ್ದರೆ ಅಷ್ಟರಲ್ಲಿ ನಡುವೆ ಬಾಯಿ ಹಾಕಿರುತ್ತಿದ್ದಳು.