ದೈವದ ಮುಂದೆ ಕೈಮುಗಿದ ಧಣಿ

ಮನೇಲಿ ಆಸ್ತಿ ತಕರಾರು ಬಂತು ಅಂದ್ರೆ ನಾವು ಮೊದಲು ಗೂಗಲ್ ಮಾಡ್ತೀವಿ, ಆಮೇಲೆ ಪರಿಚಯದ ಲಾಯರ್‌ಗೆ ಫೋನ್. ನಮ್ಮ ಅಜ್ಜ-ಅಜ್ಜಿಯರ ತಲೆಮಾರು ಹುಡುಕುತ್ತಿದ್ದದ್ದು ಒಂದು ಜಾಗವನ್ನು: ಯಾರೆದುರು ನಿಂತರೆ ಸುಳ್ಳು ಬಾಯಿಗೆ ಬರೋದಿಲ್ಲ? ಆ ಜಾಗ ಕರ್ನಾಟಕದ ಒಂದೊಂದು ಸೀಮೆಗೆ ಒಂದೊಂದು.

ಬೆಂಗಳೂರು, ಮೈಸೂರು ಕಡೆಯ ಎಷ್ಟೋ ನಿವೃತ್ತ ಮೇಷ್ಟ್ರುಗಳಿಗೆ ಅದು ಪುಸ್ತಕ. 1943ರಲ್ಲಿ ಬಂದ ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ದ 945 ಪದ್ಯಗಳಲ್ಲಿ ಸಮಾಧಾನ ಬೇಕಾದಷ್ಟಿದೆ. ಆದರೆ ಪುಸ್ತಕ ಎದುರು ಪಾರ್ಟಿಯನ್ನು ಕರೆಸೋದಿಲ್ಲವಲ್ಲ! ಚಿತ್ರದುರ್ಗ ಜಿಲ್ಲೆಯ ಸಿರಿಗೆರೆಯಲ್ಲಿ ಕರೆಸ್ತಾರೆ. ಅಲ್ಲಿನ ತರಳಬಾಳು ಮಠದಲ್ಲಿ ಸೋಮವಾರ ‘ಸದ್ಧರ್ಮ ನ್ಯಾಯಪೀಠ’ ಕೂರುತ್ತೆ. ಪಾಲು, ಸಾಲ, ಗಂಡ-ಹೆಂಡತಿ ಜಗಳ, ಎಲ್ಲದರ ಅರ್ಜಿಗಳೂ ಬರುತ್ತವೆ. ಸ್ವಾಮೀಜಿ ಎರಡೂ ಕಡೆಯವರನ್ನು ಕೂರಿಸಿಕೊಂಡು ಕೇಳ್ತಾರೆ. ಕೋರ್ಟಿನ ಅಧಿಕಾರ ಆ ತೀರ್ಪಿಗಿಲ್ಲ. ಊರಿಗೆ ವಾಪಸ್ ಹೋಗಿ ಮುಖ ತೋರಿಸಬೇಕಲ್ಲ ಅನ್ನೋದೇ ಅದರ ಬಲ.

ನಮ್ಮ ಕರಾವಳಿಯ ಕಥೆ ಇನ್ನೂ ವಿಚಿತ್ರ. ತಿರುಪತಿ ತಿಮ್ಮಪ್ಪ ಕಾಸು ಬಿಡ, ಧರ್ಮಸ್ಥಳದ ಮಂಜುನಾಥ ಮಾತು ಬಿಡ ಅನ್ನೋ ಗಾದೆ ನೀವೂ ಕೇಳಿರ್ತೀರಿ. ಸಿಟ್ಟಿನಲ್ಲಿ ಅಣ್ಣನ ಮನೆ ಮೆಟ್ಟಲ್ಲ ಅಂತ ಮಂಜುನಾಥನ ಮೇಲೆ ಆಣೆ ಇಟ್ಟವರು, ಅದನ್ನು ಬಿಡಿಸಿಕೊಳ್ಳೋಕೆ ಧರ್ಮಸ್ಥಳಕ್ಕೇ ಹೋಗಬೇಕು. ಊರೊಳಗಿನ ನ್ಯಾಯಕ್ಕೆ ದೈವ. ಕೋಲದ ರಾತ್ರಿ ದೈವ ನುಡಿ ಕೊಡುತ್ತೆ: ತಪ್ಪಿದ ಹರಕೆ, ಒತ್ತಿದ ಗಡಿ, ಮಾತುಬಿಟ್ಟ ಅಣ್ಣತಮ್ಮಂದಿರು, ಎಲ್ಲದಕ್ಕೂ ವಿಚಾರಣೆ. ದೈವ ಕಟ್ಟುವವರು ಪಂಬದ, ಪರವ, ನಲಿಕೆ ಸಮುದಾಯದವರು. ವರ್ಷವಿಡೀ ಅಂಗಳದಾಚೆ ನಿಲ್ಲಬೇಕಾಗಿದ್ದ ಮನುಷ್ಯನ ಮುಂದೆ ಆ ಒಂದು ರಾತ್ರಿ ಗುತ್ತಿನ ಯಜಮಾನ ಕೈಮುಗಿದು ನಿಂತು ಬೈಗುಳ ಕೇಳಬೇಕು. ಬೆಳಗಾದರೆ ಮತ್ತೆ ಅದೇ ಅಂಗಳ, ಅದೇ ಅಂತರ. ಇದನ್ನ ‘ಸಮಾನತೆ’ ಅಂತ ಹೊಗಳೋರನ್ನ ಕಂಡ್ರೆ ನನಗೆ ಸ್ವಲ್ಪ ಕಿರಿಕಿರಿ.

ಯಾಕಂದ್ರೆ ದೊಡ್ಡ ಪ್ರಶ್ನೆ, ಭೂಮಿ ಯಾರದ್ದು ಅನ್ನೋದು, ಬಗೆಹರಿದದ್ದು ಕೋಲದಲ್ಲಲ್ಲ. ದೇವರಾಜ ಅರಸು ಸರ್ಕಾರದ ತಿದ್ದುಪಡಿ 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿಯನ್ನೇ ರದ್ದು ಮಾಡಿತು. ಒಕ್ಕಲುಗಳು ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕಿತ್ತು. ಊರ ಬಾಯಲ್ಲಿ ಅದು ‘ಡಿಕ್ಲರೇಷನ್’. ಕಾನೂನು ಸ್ಪಷ್ಟವಾಗಿತ್ತು, ಮನಸ್ಸು ಆಗಿರಲಿಲ್ಲ. ಧಣಿಯ ಅಕ್ಕಿ ಉಂಡು ಅವರ ಗದ್ದೆಯನ್ನೇ ಕೇಳೋದು ಪಾಪವೋ? ತಲೆಮಾರುಗಳ ಕಾಲ ಗೇಣಿ ಅಳೆಸಿಕೊಂಡದ್ದು ಪಾಪವಲ್ಲವೋ? ಆ ಧಣಿಯೇ ದೈವಸ್ಥಾನದ ಮುಕ್ತೇಸರನೂ ಆಗಿದ್ದರೆ, ಈ ಪ್ರಶ್ನೆಯನ್ನು ಒಕ್ಕಲು ಯಾರ ಮುಂದೆ ಇಡಬೇಕು?

ನಮ್ಮ ಅಜ್ಜ ಡಿಕ್ಲರೇಷನ್ ಕೊಡಲಿಲ್ಲ. ಧಣಿಯ ಚಾವಡಿಯಲ್ಲಿ ದೈವದ ಹೆಸರೆತ್ತಿ ಮಾತು ಕೊಟ್ಟಾಗಿತ್ತಂತೆ. ಚಿಕ್ಕಜ್ಜ ಕೊಟ್ಟರು, ಅವರ ಪಾಲಿನ ಗದ್ದೆ ಅವರ ಹೆಸರಿಗಾಯಿತು. ಅಜ್ಜ ಮಾತ್ರ ಕೊನೆಯವರೆಗೂ ಗೇಣಿ ಅಕ್ಕಿಯ ಮುಡಿ ಹೊತ್ತರು. ಮುಂದಿನ ಕೋಲಕ್ಕೆ ಇಬ್ಬರೂ ಹೋಗಿದ್ದರಂತೆ, ದೈವ ಇಬ್ಬರಿಗೂ ಗಂಧ ಕೊಟ್ಟಿತಂತೆ. ಅಜ್ಜಿ ಇದನ್ನು ಹೇಳುವಾಗಲೆಲ್ಲ ಎಲೆ ಅಡಿಕೆಯ ತಟ್ಟೆಯನ್ನು ಸ್ವಲ್ಪ ಜೋರಾಗಿಯೇ ಕುಕ್ಕುತ್ತಿದ್ದರು.